ಲೆಕ್ಕಕ್ಕೆ ಬಾರದ ಗಂಟಲು ನೋವು

“ದಾಖಲೆಯಲ್ಲಿ ಎರಡೇ ಸಲ ಇದೆಯಲ್ಲ ನೆರಿಸ್ ಅವ್ರೇ,” ಎಂದರು ಡಾಕ್ಟರ್ ಹೋವೆಲ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಟಾನ್ಸಿಲ್ ತೆಗೆಸೋಕೆ ನಾನು ಆಸ್ಪತ್ರೆಗೆ ಬರೀಬೇಕಂದ್ರೆ ವರ್ಷದಲ್ಲಿ ಏಳು ಸಲ ಗಂಟಲು ಕೆಟ್ಟಿರ್ಬೇಕು. ನಿಯಮ.”

“ಎಂಟು ಸಲ ಕೆಟ್ಟಿದೆ ಡಾಕ್ಟ್ರೇ.”

“ಮತ್ತೆ ಆ ಆರು ಸಲ ಯಾಕೆ ಬರ್ಲಿಲ್ಲ?”

ನೆರಿಸ್ ಏನೆಂದು ಹೇಳಬೇಕು? ಡಾಕ್ಟರಿಗೆ ಸುಮ್ಮಸುಮ್ಮನೆ ತೊಂದರೆ ಕೊಡಬಾರದೆಂದು ಅವಳಿಗೆ ಅಮ್ಮ ಕಲಿಸಿದ್ದಳು. ಅಮ್ಮನಿಗೆ ಅಜ್ಜಿ ಕಲಿಸಿದ್ದಳು. ವೇಲ್ಸಿನ ಆ ಕಣಿವೆಯ ಊರಿನಲ್ಲಿ ಕಾಲು ಮುರಿದವನೂ ‘ಪರವಾಗಿಲ್ಲ, ಸ್ವಲ್ಪ ಉಳುಕಿದೆ’ ಎನ್ನುತ್ತಿದ್ದ. ಡಾಕ್ಟರನ್ನು ನೋಡಲು ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ನಲವತ್ತು ನಿಮಿಷ ಕಾದು, ತನಗಿಂತ ಹೆಚ್ಚು ಕಾಯಿಲೆಯವರ ಸರದಿ ಕಿತ್ತುಕೊಳ್ಳುವುದೇ ಎಂದು ಆರು ಸಲವೂ ಉಪ್ಪುನೀರು ಮುಕ್ಕಳಿಸಿ ಮಲಗಿಬಿಟ್ಟಿದ್ದಳು.

ಮನೆಗೆ ಬಂದವಳೇ ಕೋಟನ್ನು ಕುರ್ಚಿಯ ಮೇಲೆ ಬಿಸಾಕಿದಳು.

“ಏನಂದ್ರು?” ಎಂದ ಗಂಡ ಇದ್ವಾಲ್.

“ಇನ್ನೂ ಐದು ಸಲ ಕಾಯಿಲೆ ಬೀಳ್ಬೇಕಂತೆ.”

“ಅಷ್ಟೇನಾ? ಈಸ್ಟರ್ ಒಳಗೆ ಮುಗಿಸ್ಬಿಡ್ತೀಯ ಬಿಡು.”

“ಹಲ್ಲು ಕಿರೀಬೇಡ. ಇನ್ನೊಂದು ಸಲ ರಜೆ ಹಾಕಿದ್ರೆ ನನ್ನ ಕೆಲ್ಸ ಹೋಗುತ್ತೆ.”

ಸಂಕಟವಿದ್ದದ್ದೇ ಅಲ್ಲಿ. ಅವಳು ಶಾಲೆಯ ಅಡುಗೆಮನೆಯಲ್ಲಿ ಅಡುಗೆಯವಳು. ಗಂಟಲು ಕೆಟ್ಟವರು ಮಕ್ಕಳ ಊಟದ ಪಾತ್ರೆಯ ಹತ್ತಿರ ಸುಳಿಯುವಂತಿಲ್ಲ. ಬರಬೇಡ ಎನ್ನುವವಳೂ ಮೇಲ್ವಿಚಾರಕಿ ಮೆರಿಯಲ್, ಯಾಕೆ ಬರಲಿಲ್ಲ ಎನ್ನುವವಳೂ ಅವಳೇ. ಹೋದ ವಾರ ಕೊನೆಯ ಎಚ್ಚರಿಕೆಯ ಪತ್ರ ಕೊಟ್ಟಿದ್ದಳು.

ಇದ್ವಾಲ್ ಗಡಿಯಾರದ ಹಿಂದಿನಿಂದ ಆ ಪತ್ರ ತೆಗೆದು, ಕನ್ನಡಕ ಏರಿಸಿ, ಚರ್ಚಿನಲ್ಲಿ ಪಾಠ ಓದುವವನ ಹಾಗೆ ಗಟ್ಟಿಯಾಗಿ ಓದತೊಡಗಿದ. “ಜನವರಿ ಹದಿನಾಲ್ಕು, ಗಂಟಲು ನೋವು, ಮೂರು ದಿನ. ಫೆಬ್ರವರಿ ಇಪ್ಪತ್ತೊಂದು, ಗಂಟಲು ನೋವು, ಜ್ವರ...”

“ಸಾಕು ಮಾರಾಯ, ಅದನ್ನ ನಾನೇ ಅನುಭವಿಸಿದೀನಿ!”

“ತಡಿಯೇ. ಆರು, ಏಳು, ಎಂಟು. ಒಂದನ್ನೂ ಬಿಟ್ಟಿಲ್ಲ ಆ ಪುಣ್ಯಾತ್ಗಿತ್ತಿ ಮೆರಿಯಲ್! ಇದಕ್ಕಿಂತ ದಾಖಲೆ ಬೇಕಾ?”

ಅಲ್ಲಿ ಒಂದು ವಾರದೊಳಗಿನ ಕಾಯಿಲೆಯ ರಜೆಗೆ ಡಾಕ್ಟರ ಚೀಟಿ ಬೇಡ. ತಾವೇ ಫಾರಂ ತುಂಬಿ ಕೊಟ್ಟರೆ ಆಯಿತು. ನೆರಿಸ್ ತುಂಬಿದ್ದ ಎಂಟೂ ಫಾರಂಗಳ ನಕಲನ್ನು ಮೆರಿಯಲ್ ಪತ್ರದ ಹಿಂದೆ ಪಿನ್ ಮಾಡಿದ್ದಳು. ನೆರಿಸ್‌ಗೆ ಡಾಕ್ಟರ ಮೇಲೆ, ಮೆರಿಯಲ್ ಮೇಲೆ, ತನ್ನ ಮೇಲೆ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಸರಿಯಾದ ಮಾತಾಡಿದ ಗಂಡನ ಮೇಲೆ.

ಮರುವಾರ ಅವಳು ಆ ಪತ್ರವನ್ನೇ ಒಯ್ದು ಕೊಟ್ಟಾಗ ಡಾಕ್ಟರ್ ಹೋವೆಲ್ ಹಾಳೆಗಳನ್ನು ಎರಡು ಸಲ ತಿರುವಿ ನೋಡಿದರು. “ನಿಮ್ಮ ಮೇಲ್ವಿಚಾರಕಿ ನನಗಿಂತ ಚೆನ್ನಾಗಿ ಬರ್ದಿಟ್ಟಿದಾರೆ,” ಎಂದು ಆಸ್ಪತ್ರೆಗೆ ಬರೆದರು. ಆ ಕಾಗದ ತೋರಿಸಿದಾಗ ಮೆರಿಯಲ್ ಮೂಗು ಮುರಿದಳು. ಆದರೂ ಆಪರೇಷನ್ನಿನ ನಂತರದ ಎರಡು ವಾರದ ರಜೆಗೆ ಸಹಿ ಹಾಕಿ, ಎಚ್ಚರಿಕೆಯನ್ನು ಅಲ್ಲಿಯವರೆಗೆ ತಡೆಹಿಡಿದಳು.

ಐದು ತಿಂಗಳ ಮೇಲೆ ಸರದಿ ಬಂತು. ಟಾನ್ಸಿಲ್ ತೆಗೆದ ಮಧ್ಯಾಹ್ನವೇ ನರ್ಸ್ ಟೋಸ್ಟಿನ ತಟ್ಟೆ ತಂದಿಟ್ಟಳು. “ತಿಂದು ತೋರ್ಸಿದ್ರೇನೇ ಮನೆಗೆ ಕಳ್ಸೋದು.” ಅಂಚು ಗರಗರ ಒಣಗಿತ್ತು. ಒಂದೊಂದು ತುತ್ತೂ ಗಾಜಿನ ಚೂರಾಗಿ ಇಳಿಯಿತು.

ಎದುರು ಹಾಸಿಗೆಯಲ್ಲಿ, ಅದೇ ಆಪರೇಷನ್ ಆದ ದಢೂತಿ ಬಸ್ ಡ್ರೈವರ್ ತನ್ನ ಟೋಸ್ಟ್ ನೋಡುತ್ತಾ ಸದ್ದಿಲ್ಲದೆ ಕಣ್ಣೀರು ಸುರಿಸುತ್ತಿದ್ದ.

“ನೋವು ಹತ್ತಕ್ಕೆ ಎಷ್ಟು?” ಎಂದು ನರ್ಸ್ ಕೇಳಿದಳು.

ಅವನು ಕೆನ್ನೆ ಒರೆಸಿಕೊಂಡು ಎರಡು ಬೆರಳು ತೋರಿಸಿದ. ಅವಳು ಎರಡು ಎಂದೇ ಬರೆದುಕೊಂಡು, ನೋವಿನ ಔಷಧಿ ಕೊಡದೆ ಇತ್ತ ತಿರುಗಿದಳು.

“ನಿಮ್ಗೆ?”

‘ಪರವಾಗಿಲ್ಲ’ ಎಂಬ ಮಾತು ನೆರಿಸ್‌ಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ಟೋಸ್ಟಿನ ಜೊತೆಗೇ ನುಂಗಿದಳು.

“ಒಂಬತ್ತು,” ಎಂದಳು, ಒಡೆದ ದನಿಯಲ್ಲಿ. “ಬರ್ಕೊಳ್ಳಿ.”