ಎರಡನೆಯ ಬ್ರೇಕು

ಕಾರು ಒಮ್ಮೆ ಮೈ ಕೊಡವಿ ಮತ್ತೆ ನಿಂತುಹೋಯಿತು. ಹಿಂದಿದ್ದ ಹಾಲಿನ ವ್ಯಾನಿನವನು ಹಾರ್ನ್ ಒತ್ತಿ, ಪಕ್ಕದಿಂದ ದಾಟಿಕೊಂಡು ಹೋಗುವಾಗ ಕಾರಿನ ಮೇಲಿದ್ದ ಡ್ರೈವಿಂಗ್ ಶಾಲೆಯ ಬೋರ್ಡು ನೋಡಿ ಹಲ್ಲು ಕಿರಿದ.

"ಮತ್ತೆ ಆಫ್ ಮಾಡಿದ್ಯಲ್ಲೇ!"

"ನಾನು ಮಾಡ್ಲಿಲ್ಲ ಅತ್ತಿಗೆ. ಅದೇ ಆಯ್ತು."

"ತಾನಾಗೇ ಆಫ್ ಆಗೋಕೆ ಅದಕ್ಕೇನು ತಲೆ ಕೆಟ್ಟಿದ್ಯಾ?"

"ಕೆಟ್ಟಿರೋದು ನನಗೆ," ಎಂದಳು ನಾದಿನಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟು. "ನಿಮ್ಮ ಹತ್ರ ಕಲಿಯೋಕೆ ಬಂದೆನಲ್ಲ."

ಡ್ರೈವಿಂಗ್ ಶಾಲೆ ನಡೆಸುತ್ತಿದ್ದವಳು ಅತ್ತಿಗೆಯೇ. ನಾಳೆ ಬೆಳಿಗ್ಗೆ ನಾದಿನಿಗೆ ಲೈಸೆನ್ಸಿನ ಪರೀಕ್ಷೆ. ರಕ್ತಪರೀಕ್ಷೆಯ ಲ್ಯಾಬಿನವರಿಗೆ ಸ್ಯಾಂಪಲ್ ಸಾಗಿಸುವ ವ್ಯಾನಿಗೆ ಡ್ರೈವರ್ ಬೇಕಾಗಿತ್ತು. ಈ ವಾರದೊಳಗೆ ಲೈಸೆನ್ಸ್ ತಂದರೆ ಕೆಲಸ ನಿನಗೇ ಎಂದು ಅವಳಿಗೆ ಹೇಳಿದ್ದರು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯ ಹಿಂದಿನ ಕೋಣೆ ಸೇರಿದ ಮೇಲೆ ನಾದಿನಿ ತಾನಾಗಿ ಬಾಯಿಬಿಟ್ಟು ಬೇಕು ಎಂದದ್ದು ಅದೊಂದನ್ನೇ. ಹೋದ ಸಲದ ಪರೀಕ್ಷೆಯಲ್ಲಿ ಏರಿನ ನಡುವೆ ಕಾರು ನಿಂತಿತ್ತು. ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು; ಹಿಂದಿನ ಸೀಟಿನಲ್ಲಿದ್ದ ಅಧಿಕಾರಿ ಫೇಲ್ ಎಂದು ಬರೆದು ಇಳಿದು ಹೋಗಿದ್ದ. ಮನೆಗೆ ಬಂದು ಅತ್ತಿಗೆ ಎಲ್ಲರೆದುರು, "ಕ್ಲಚ್ಚು ಬಿಡೋಕೂ ಬರಲ್ಲ ಇವಳಿಗೆ, ದಡ್ಡಿ," ಎಂದಿದ್ದಳು.

ಆದರೆ ಕಾರಿನ ಮೇಲೂ ಅವಳಿಗೆ ಅನುಮಾನವಿತ್ತು. ಕೆಲವು ವಾರಗಳಿಂದ ಅದು ಬೇಗ ಸ್ಟಾರ್ಟೇ ಆಗುತ್ತಿರಲಿಲ್ಲ. ಸ್ಟಾರ್ಟ್ ಆದರೂ ನಿಂತಲ್ಲಿ ಜ್ವರ ಬಂದವರಂತೆ ನಡುಗುತ್ತಿತ್ತು. ಊರವರೆಲ್ಲ ಸ್ಪ್ಯಾನರ್ ಎಂದೇ ಕರೆಯುವ ಮೆಕ್ಯಾನಿಕ್ ಪ್ಲಗ್ಗು ಬದಲಿಸಿದ, ಕಾರ್ಬೊರೇಟರ್ ತೊಳೆದ, ಬ್ಯಾಟರಿಯನ್ನು ಬೈದ. ಪ್ರತಿ ಸಲವೂ ಹೊರಗೇ ನಿಂತು ಕಿಟಕಿಯೊಳಗೆ ಕೈ ತೂರಿಸಿ ಕೀಲಿ ತಿರುಗಿಸುತ್ತಿದ್ದ. ಕಾರು ತಕ್ಷಣ ಸ್ಟಾರ್ಟ್ ಆಗುತ್ತಿತ್ತು. "ನೋಡಿ ಮೇಡಂ, ಕರೆದ ಕೂಡ್ಲೆ ಓ ಅಂತು. ಗಾಡಿ ಚಿನ್ನ. ಓಡಿಸೋರನ್ನ ರಿಪೇರಿ ಮಾಡಿ," ಎನ್ನುತ್ತಿದ್ದ. ಅತ್ತಿಗೆಯ ಗಂಡನದು ಒಂದೇ ಮಾತು: "ಗುಜರಿಗೆ ಹಾಕು." ಬ್ರೇಕೂ ಈಚೆಗೆ ಗಟ್ಟಿಯಾಗಿತ್ತು. ಅದು ತನ್ನ ಮಂಡಿಯ ದೋಷವೆಂದು ಅತ್ತಿಗೆ ಮಲಗುವ ಮುಂಚೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು.

"ಇನ್ನೊಂದು ಸಲ. ಮೊದಲು ಬ್ರೇಕು, ಆಮೇಲೆ ಕೀಲಿ. ನೂರು ಸಲ ಹೇಳಿದ್ದೀನಿ."

ನಾದಿನಿ ಬ್ರೇಕು ತುಳಿದು ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು, ಎಳೆಯಿತು, ಸುಮ್ಮನಾಯಿತು. ಪೆಟ್ರೋಲಿನ ವಾಸನೆ ಒಳಗೆ ತುಂಬಿತು.

"ಇಳೀರಿ ಅತ್ತಿಗೆ."

"ಏನಂದೆ?"

"ಸ್ವಲ್ಪ ಹೊತ್ತು ಇಳೀರಿ. ಬೈಯೋರಿಲ್ದೆ ಒಂದ್ಸಲ ಕೂತ್ಕೋತೀನಿ."

ಅತ್ತಿಗೆ ಇಳಿದು ಬಾಗಿಲನ್ನು ಬೇಕೆಂದೇ ಜೋರಾಗಿ ಬಡಿದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾದಿನಿ ಗೇರು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲೆರಡನ್ನೂ ಸೀಟಿನ ಬುಡಕ್ಕೆ ಎಳೆದುಕೊಂಡು, ಅಂಗೈಯಿಂದ ಮುಖ ಒರೆಸಿದಳು. ಆಮೇಲೆ, ಯಾರದೋ ಮನೆಯ ಗಂಟೆ ಒತ್ತಿ ಓಡಿಹೋಗುವವರಂತೆ, ಕೀಲಿಯನ್ನು ಸುಮ್ಮನೆ ತಿರುಗಿಸಿದಳು.

ಕಾರು ಸ್ಟಾರ್ಟ್ ಆಯಿತು. ನಡುಕವಿಲ್ಲ. ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಬಂತು!" ಎಂದು ನಾದಿನಿ ಕೂಗಿದಳು. ಅತ್ತಿಗೆ ಓಡಿಬಂದು ಪಕ್ಕದ ಸೀಟಿನಲ್ಲಿ ಕೂತಳು. ಅವಳ ಕಾಲು ತಾನಾಗಿ ಹೋಗಿ, ಕಲಿಸುವವರಿಗೆಂದು ಅಲ್ಲಿ ಹಾಕಿಸಿದ್ದ ಎರಡನೆಯ ಬ್ರೇಕಿನ ಮೇಲೆ ಕೂತಿತು. ಎಲ್ಲೋ ಒಳಗೆ ಸುಯ್ಯೆಂದು ಗಾಳಿ ಎಳೆದ ಸದ್ದು. ಕಾರು ನಡುಗತೊಡಗಿತು.

"ನಾನೇನೂ ಮುಟ್ಟಿಲ್ಲ!" ನಾದಿನಿ ಎರಡೂ ಕೈ ಮೇಲೆತ್ತಿದಳು.

ಅತ್ತಿಗೆ ಕಾಲು ತೆಗೆದಳು. ನಡುಕ ನಿಂತಿತು. ಮತ್ತೆ ತುಳಿದಳು. ಸುಯ್, ನಡುಕ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ಒಳಗಿನ ರಬ್ಬರು ಹರಿದಿರಬೇಕು. ತುಳಿದಾಗಲೆಲ್ಲ ಬೇಡದ ಗಾಳಿ ಎಂಜಿನ್ನಿಗೆ ನುಗ್ಗಿ ಅದನ್ನು ನಿಲ್ಲಿಸುತ್ತಿದೆ. ಸ್ಪ್ಯಾನರ್ ಒಂದು ದಿನವೂ ಒಳಗೆ ಕೂತು ಬ್ರೇಕು ತುಳಿಯಲಿಲ್ಲ. ತಾನೋ, ಒಂದು ಗಳಿಗೆಯೂ ಕಾಲು ತೆಗೆಯಲಿಲ್ಲ. ಪಾಠ ಹೇಳುವಾಗ, ಬೈಯುವಾಗ, ಏರಿನಲ್ಲಿ.

ನಾದಿನಿ ಗಾಜಿನಾಚೆ ನೋಡುತ್ತಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ವರ್ಕ್‌ಶಾಪಿಗೆ ಹೋಗಿ, ತನ್ನ ಕಾಲಿನ ಮಾತೆತ್ತದೆ, ಬೂಸ್ಟರ್ ಹಾಳಾಗಿತ್ತು ಎಂದಷ್ಟೇ ಹೇಳಿದರೆ ಅಲ್ಲಿಗೆ ಮುಗಿಯಿತು.

"ಆಫ್ ಆಗ್ತಿದ್ದದ್ದು ನನ್ನ ಕಾಲಿಂದ ಕಣೇ," ಎಂದಳು ಅತ್ತಿಗೆ. ತುಳಿದು ತೋರಿಸಿದಳು, ಬಿಟ್ಟು ತೋರಿಸಿದಳು.

ನಾದಿನಿ ಬಗ್ಗಿ ಆ ಕಾಲನ್ನೇ ನೋಡಿದಳು.

"ಹೋದ ಸಲ? ಏರಿನಲ್ಲಿ?"

"ಆಗಲೂ ಅಲ್ಲೇ ಇತ್ತು. ಎಲ್ಲಿ ಹಿಂದಕ್ಕೆ ಜಾರಿಬಿಡ್ತೀಯೋ ಅಂತ."

"ದಡ್ಡಿ ಅಂದ್ರಿ."

"ಅಂದೆ."

"ಅಣ್ಣ ನಕ್ಕ."

ಅತ್ತಿಗೆ ತಲೆ ತಗ್ಗಿಸಿದಳು. ಎಂಜಿನ್ನು ಒಂದೇ ಸಮನೆ ಓಡುತ್ತಲೇ ಇತ್ತು.

"ಕಾಲು ಮೇಲೆ ತಗೊಳ್ಳಿ," ಎಂದಳು ನಾದಿನಿ.

"ಇಗೋ, ತೆಗೆದೆನಲ್ಲ."

"ಹಾಗಲ್ಲ. ಸೀಟಿನ ಮೇಲೆ. ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳಿ. ಸ್ಪ್ಯಾನರ್ ಹತ್ರ ನಾನೇ ಒಯ್ತೀನಿ. ಸಂಜೆಯೊಳಗೆ ಸರಿಮಾಡ್ಲಿ."

"ಬ್ರೇಕ್ ಗಟ್ಟಿ ಇದೆ ಕಣೇ, ಜೋರಾಗಿ..."

"ಗೊತ್ತು. ಇಷ್ಟು ದಿನ ನಾನೂ ಅದನ್ನೇ ತುಳಿದಿದ್ದು. ಮೆಲ್ಲಗೆ ಹೋಗ್ತೀನಿ."

ಅತ್ತಿಗೆ ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತಳು. ಮಂಡಿ ಕಟಕ್ಕೆಂದಿತು. ಕಾರು ಒಂದಿಷ್ಟೂ ಎಗರದೆ ಹೊರಟಿತು. ವರ್ಕ್‌ಶಾಪಿನ ತಿರುವಿನ ಹತ್ತಿರ ಲಾರಿಯೊಂದು ಗೇಟಿನಿಂದ ಹಿಮ್ಮುಖವಾಗಿ ರಸ್ತೆಗೆ ಬರುತ್ತಿತ್ತು. ಅತ್ತಿಗೆಯ ಕಾಲ್ಬೆರಳುಗಳು ಮಡಿಚಿಕೊಂಡವು. ಅಂಗಾಲು ತನ್ನದೇ ತೊಡೆಯನ್ನು ಒತ್ತಿತು. ನಾದಿನಿ ಲಾರಿಗೆ ಸಾಕಷ್ಟು ದೂರದಲ್ಲೇ ನಿಲ್ಲಿಸಿದಳು. ಕಾರು ನಡುಗಿತು, ಅವಳು ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕಿನಿಂದ ಕಾಲು ತೆಗೆದಳು. ಸದ್ದು ಮತ್ತೆ ಸಮವಾಯಿತು.

ಲಾರಿ ನಿಧಾನವಾಗಿ ತಿರುಗುತ್ತಿತ್ತು. ಇಬ್ಬರೂ ಕಾದರು. ಕೆಳಗೆ, ಎರಡನೆಯ ಬ್ರೇಕಿನ ಮುಂದೆ, ಅತ್ತಿಗೆಯ ಚಪ್ಪಲಿಗಳು ಮಾತ್ರ ಇದ್ದವು, ಎಂಜಿನ್ನಿನ ಸದ್ದಿಗೆ ಸಣ್ಣಗೆ ಕಂಪಿಸುತ್ತ.