ಕ್ಯಾಮೆರಾಕ್ಕಿತ್ತು, ದುರ್ಗಯ್ಯನಿಗಿರಲಿಲ್ಲ

ಮದುವೆ ಗೊತ್ತಾದ ಕೂಡಲೇ ಛತ್ರ ನೋಡಲು ಓಡುತ್ತಿದ್ದ ಕಾಲ ಹೋಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಈಗ ಮೊದಲು ಫೋಟೋದವರನ್ನು ಹಿಡಿಯುತ್ತಾರೆ. ಮದುವೆಗೆ ತಿಂಗಳಿರುವಾಗಲೇ ಗಂಡು ಹೆಣ್ಣು ತೆಂಗಿನ ತೋಟದಲ್ಲಿ ಓಡಬೇಕು. ಓಡಿ ಎಲ್ಲಿಗೂ ತಲುಪಬೇಕಾಗಿಲ್ಲ, ನಿಧಾನವಾಗಿ ಓಡುತ್ತಿದ್ದರೆ ಸಾಕು. ಅದನ್ನು ಯಾರೋ ಆಕಾಶದಿಂದ ನೋಡುತ್ತಿರುವ ಹಾಗೆ ವಿಡಿಯೋ ಬರಬೇಕು.

ತೊಂದರೆ ಇರುವುದು ಆ ಆಕಾಶದಲ್ಲಿ. ಬಯಲಾದರೆ ಡ್ರೋನ್ ಹಾರಿಸಬಹುದು. ತೋಟದಲ್ಲಿ ಗರಿಗೆ ಗರಿ ಕೂಡಿ ಚಪ್ಪರ ಕಟ್ಟಿರುತ್ತದೆ. ಚಪ್ಪರದ ಮೇಲೆ ಹಾರಿಸಿದರೆ ಬರೀ ಗರಿ ಕಾಣುತ್ತದೆ. ಕೆಳಗಿಳಿಸಿದರೆ ಗರಿಗೇ ಸಿಕ್ಕಿಕೊಳ್ಳುತ್ತದೆ. ತಿಪಟೂರಿನ ಇಂಪನಾ ಡಿಜಿಟಲ್ಸ್ ಸ್ಟುಡಿಯೋದ ರೇಣುಕಪ್ರಸಾದ್ ಹೀಗೆ ಒಂದು ಡ್ರೋನನ್ನು ಬಾವಿಗೆ ಅರ್ಪಿಸಿ ಬಂದವನು. ಅದಾದ ಮೇಲೆ ಅವನ ಕಣ್ಣು ದುರ್ಗಯ್ಯನ ಮೇಲೆ ಬಿತ್ತು.

ದುರ್ಗಯ್ಯ ಹೊನ್ನವಳ್ಳಿಯವನು. ವಯಸ್ಸು ನಲವತ್ತು ದಾಟಿತ್ತು. ಇಪ್ಪತ್ತು ವರ್ಷ ಕಂಡವರ ತೋಟದಲ್ಲಿ ಕಾಯಿ ಕಿತ್ತು, ಮೊಣಕಾಲು ನೋವು ಶುರುವಾದ ಮೇಲೆ ಸ್ಟುಡಿಯೋ ಸೇರಿ ಲೈಟ್ ಹಿಡಿಯುತ್ತಿದ್ದ. ಮರ ಬಿಟ್ಟು ಬಂದವನನ್ನು ರೇಣುಕಪ್ರಸಾದ್ ಮತ್ತೆ ಮರ ಹತ್ತಿಸಿದ. ದುರ್ಗಯ್ಯ ಗರಿಯ ಬುಡದಲ್ಲಿ ಕಾಲೂರಿ, ಒಂದು ತೋಳಿನಲ್ಲಿ ಮರವನ್ನು ತಬ್ಬಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಚಾಚುತ್ತಿದ್ದ. ಕೊರಳಿಗೆ ಹಾಕಿದರೆ ಸರಿಯಾದ ಕೋನ ಸಿಗುವುದಿಲ್ಲವೆಂದು ಅದರ ಪಟ್ಟಿಯನ್ನೂ ಬಿಚ್ಚಿಡುತ್ತಿದ್ದ. ಆ ಶಾಟ್ ಮೂರು ತಾಲ್ಲೂಕಿನಲ್ಲಿ ಹೆಸರಾಯಿತು. ಬೇರೆ ಸ್ಟುಡಿಯೋದವರು, "ಯಾವ ಡ್ರೋನ್ ಗುರುವೇ ಇದು?" ಎಂದು ಕೇಳಿದರೆ ರೇಣುಕಪ್ರಸಾದ್, "ಹೊನ್ನವಳ್ಳಿ ಕಂಪನೀದು ಕಣ್ರೀ, ಚಾರ್ಜು ಮಾಡಂಗಿಲ್ಲ, ಮಧ್ಯಾಹ್ನ ಮುದ್ದೆ ಹಾಕುದ್ರೆ ಸಾಕು," ಎನ್ನುತ್ತಿದ್ದ. ದುರ್ಗಯ್ಯನೂ ನಗುತ್ತಿದ್ದ.

ಅದೇ ಬೀದಿಯಲ್ಲಿ ವಿಮೆ ಮಾಡಿಸುವ ಪವಿತ್ರಾ ಇದ್ದಳು. ಅವಳು ಬರುವುದು ಕಂಡರೆ ಅಂಗಡಿಯವರೆಲ್ಲ ಬಾರದ ಫೋನನ್ನು ಕಿವಿಗಿಟ್ಟುಕೊಳ್ಳುತ್ತಿದ್ದರು. ಒಂದು ದಿನ ರೇಣುಕಪ್ರಸಾದನ ಫೋನ್ ಚಾರ್ಜಿಗೆ ಹಾಕಿತ್ತು. ಸಿಕ್ಕಿಬಿದ್ದ.

"ಅಣ್ಣ, ಅಂಗಡಿಗೆ ವಿಮೆ ಐತೆ ಅಂತೀರಲ್ಲ, ಅದು ಅಂಗಡಿಯೊಳಗಿರೋ ಸಾಮಾನಿಗೆ. ನಿಮ್ಮ ಕ್ಯಾಮೆರಾ ದಿನಾ ಅಂಗಡಿಯೊಳಗೇ ಕೂತಿರುತ್ತಾ?"

"ಅದು ಕೂತ್ರೆ ನಾವು ಮಲಗ್ಬೇಕಾಗುತ್ತೆ ಕಣಮ್ಮ."

"ಹಂಗಾದ್ರೆ ಹೊರಗೆ ಒಯ್ದಾಗ್ಲೂ ಅನ್ವಯಿಸೋ ವಿಮೆ ಬೇರೆ ಮಾಡ್ಸಿ. ದಾರೀಲಿ ಬಿದ್ರೂ, ಛತ್ರದಲ್ಲಿ ಕದ್ರೂ ಬರೋ ಥರದ್ದು. ಕ್ಯಾಮೆರಾ, ಲೆನ್ಸು, ಲೈಟು, ಒಂದೊಂದರ ನಂಬರೂ ಅದ್ರಲ್ಲಿ ಬರೆಸ್ಬೇಕು."

ಒಳಗೆ ಆಲ್ಬಮ್ ಜೋಡಿಸುತ್ತಿದ್ದ ರೇಣುಕಪ್ರಸಾದನ ಹೆಂಡತಿ ಸೌಂದರ್ಯ ಎದ್ದು ಬಂದಳು. "ಗ್ಯಾರಂಟಿ ಕಾರ್ಡ್ ಐತಲ್ಲ ಪವಿತ್ರಾ?"

"ಗ್ಯಾರಂಟಿ ಬೇರೆ, ವಿಮೆ ಬೇರೆ ಅಕ್ಕ. ತಾನಾಗೇ ಕೆಟ್ರೆ ಕಂಪನಿಯೋರು ಗ್ಯಾರಂಟೀಲಿ ಮಾಡ್ಕೊಡ್ತಾರೆ. ಕೈಜಾರಿ ಬಿದ್ರೆ ಮಾಡಲ್ಲ."

ಅದು ಇಬ್ಬರಿಗೂ ನಾಟಿತು. ಸೌಂದರ್ಯ ಎಲ್ಲ ನಂಬರೂ ಬರೆದುಕೊಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ಪವಿತ್ರಾಳಿಗೂ ಸುಖವಾಗಿತ್ತು. ಅವಳು ನಿಲ್ಲಿಸಲಿಲ್ಲ.

"ಬಯಲಲ್ಲಿ ಹಾರ್ಸಾಕೆ ಹೊಸ ಡ್ರೋನ್ ತಂದಿದ್ದೀರಲ್ಲ, ಅದು ಯಾರ ತಲೆ ಮೇಲಾದ್ರೂ ಬಿದ್ರೆ? ಅದಕ್ಕೂ ವಿಮೆ ಬೇಕು ಅಣ್ಣ, ಕಾನೂನೇ ಕೇಳುತ್ತೆ."

"ಹಳೇದು ಬಿದ್ದಿದ್ದು ಬಾವಿಗೆ. ಬಾವಿಯೇನು ಕೇಸ್ ಹಾಕ್ಲಿಲ್ಲ."

"ತಮಾಷೆ ಬುಡಿ. ದುರ್ಗಣ್ಣಂಗೆ ಏನು ಮಾಡ್ಸಿದ್ದೀರಿ?"

"ಅವಂಗೆ ಅವಂದೇ ಐತಮ್ಮ. ಮರ ಹತ್ತೋರ ವಿಮೆ. ಒಂದ್ವರ್ಷಾನೂ ತಪ್ಸಿಲ್ಲ. ಅದ್ರ ಮೇಲೆ ನಾನ್ಯಾಕೆ ಇನ್ನೊಂದು ಕಟ್ಲಿ?"

"ಅದು ಕಾಯಿ ಕೀಳೋ ಕೆಲಸಕ್ಕೆ ಇರುತ್ತೆ ಅಣ್ಣ. ಸ್ಟುಡಿಯೋ ಕೆಲಸಕ್ಕೆ ಬರುತ್ತೋ ಇಲ್ವೋ, ಕಾಗದ ತಂದು ತೋರ್ಸಿ."

"ಏನಮ್ಮ ನೀನು! ಕಾಯಿ ಕಿತ್ರೂ ಅದೇ ಮರ, ಫೋಟೋ ಹೊಡುದ್ರೂ ಅದೇ ಮರ. ಮರಕ್ಕೇನು ಗೊತ್ತಾಗುತ್ತೆ ಇವ್ನು ಯಾಕೆ ಹತ್ತಿದ್ದಾನೆ ಅಂತ?"

ಮೂರು ತಾಲ್ಲೂಕಿನಲ್ಲಿ ಯಾರನ್ನು ಕೇಳಿದ್ದರೂ ಹೀಗೇ ಹೇಳುತ್ತಿದ್ದರು. ಇಲ್ಲಿ ಮರ ಹತ್ತುವುದೆಂದರೆ ಮರ ಹತ್ತುವುದು. ಪವಿತ್ರಾ ತಾನು ತಂದಿದ್ದ ಕೆಲಸಗಾರರ ವಿಮೆಯ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ದುರ್ಗಯ್ಯನ ಕಾಗದವನ್ನು ಯಾರೂ ತಂದು ತೋರಿಸಲಿಲ್ಲ. ಅವನನ್ನು ಯಾರೂ ಕೇಳಲೂ ಇಲ್ಲ.

ಮಾಘದಲ್ಲಿ ದಂಡಿನಶಿವರದ ಹತ್ತಿರ ತೋಂಟದಾರ್ಯರ ತೋಟದಲ್ಲಿ ಶೂಟಿಂಗ್ ಇತ್ತು. ತೋಂಟದಾರ್ಯರು ಹೆಣ್ಣಿನ ದೊಡ್ಡಪ್ಪ. ಬೆಳಗಿನ ಬಿಸಿಲು ಗರಿಗಳ ಸಂದಿಯಲ್ಲಿ ಇಳಿಯುತ್ತಿತ್ತು. ಮದುಮಕ್ಕಳು ಎರಡು ಸಲ ಓಡಿದರು. ಚೆನ್ನಾಗಿಯೇ ಬಂತು.

"ಇನ್ನೊಂದ್ಸಲ ಸಾರ್," ಎಂದ ಗಂಡು. "ಕೂಲಿಂಗ್ ಗ್ಲಾಸ್ ಹಾಕಿರ್ಲಿಲ್ಲ."

"ದುರ್ಗಯ್ಯ, ಇನ್ನೊಂದು!" ಎಂದು ರೇಣುಕಪ್ರಸಾದ್ ಕೂಗಿದ.

ಇಪ್ಪತ್ತು ವರ್ಷ ಕಾಯಿ ಕಿತ್ತವನಿಗೆ ಯಾವ ಗರಿಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎನ್ನುವುದು ಕಣ್ಣಿಗೇ ಗೊತ್ತಿರುತ್ತದೆ. ಆದರೆ ಆಗ ದುರ್ಗಯ್ಯನ ಕಣ್ಣು ಕ್ಯಾಮೆರಾದ ಪುಟ್ಟ ಪರದೆಯ ಮೇಲಿತ್ತು. ಹಣ್ಣಾದ ಗರಿಯ ಮೇಲೆ ಕಾಲಿಟ್ಟ. ಗರಿ ಬುಡಸಮೇತ ಕಳಚಿಕೊಂಡಿತು. ಅವನು ಒಂದು ತೋಳಿನಲ್ಲಿ ಮರಕ್ಕೆ ಜೋತುಬಿದ್ದ. ಇನ್ನೊಂದು ಕೈ ಖಾಲಿ ಇದ್ದಾಗ ಇಂಥ ಎಷ್ಟೋ ಗರಿಗಳಿಂದ ತಪ್ಪಿಸಿಕೊಂಡವನು ಅವನು.

ಕೆಳಗಿನಿಂದ ರೇಣುಕಪ್ರಸಾದನ ಬಾಯಿಂದ ಬಂದದ್ದು ಒಂದೇ ಮಾತು. "ಕ್ಯಾಮೆರಾ! ದುರ್ಗಯ್ಯ, ಕ್ಯಾಮೆರಾ!"

ದುರ್ಗಯ್ಯ ಹೇಳಿದ ಮಾತು ಕೇಳುವ ಮನುಷ್ಯ. ಕ್ಯಾಮೆರಾ ಬಿಡಲಿಲ್ಲ. ಮರ ಬಿಟ್ಟ.

ತಿಪಟೂರಿನ ಆಸ್ಪತ್ರೆಯವರು ನೋಡಿದ ಕೂಡಲೇ ತುಮಕೂರಿಗೆ ಕಳಿಸಿದರು. ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಯಾವುದೂ ಅವನ ಮಾತು ಕೇಳಲಿಲ್ಲ. ಮುಂದೆ ಕೇಳುವ ಭರವಸೆಯನ್ನೂ ಡಾಕ್ಟರು ಕೊಡಲಿಲ್ಲ.

ಮೂರನೆಯ ದಿನ ಆಸ್ಪತ್ರೆಯಿಂದ ಬಂದ ರೇಣುಕಪ್ರಸಾದ್ ಒಡೆದ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಕ್ಲೇಮಿನ ಅರ್ಜಿ ಬರೆಯಲು ಕೂತ. "ಈಗ್ಲೇನಾ ಇದು?" ಎಂದಳು ಸೌಂದರ್ಯ. "ತಡ ಮಾಡಿದ್ರೆ ಒಪ್ಪಲ್ವಂತೆ ಕಣೇ," ಎಂದ. ಅದೂ ನಿಜವೇ. 'ಸಹಾಯಕ ದುರ್ಗಯ್ಯ ಚಿತ್ರೀಕರಣಕ್ಕಾಗಿ ತೆಂಗಿನ ಮರದ ಮೇಲಿದ್ದಾಗ ಕ್ಯಾಮೆರಾಸಮೇತ ಕೆಳಗೆ ಬಿದ್ದು' ಎಂದು ಮುದ್ದಾದ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಸಾಕ್ಷಿಗೆ ವಿಡಿಯೋವನ್ನೂ ಕೊಟ್ಟ. ಆ ವಿಡಿಯೋದ ಕೊನೆಯಲ್ಲಿ ಅವನ ಕೂಗು ಸ್ಪಷ್ಟವಾಗಿ ಕೇಳುತ್ತಿತ್ತು. ಕಂಪನಿಯವರು ಬಂದು ನೋಡಿದರು, ನಂಬರ್ ತಾಳೆ ಮಾಡಿದರು, ಒಪ್ಪಿದರು. ಒಂದೂವರೆ ತಿಂಗಳಿಗೆ ಹೊಸ ಕ್ಯಾಮೆರಾ ಬಂತು.

ದುರ್ಗಯ್ಯನ ಕಾಗದ ಹೊರಬಿದ್ದದ್ದು ಅವನು ಹೊನ್ನವಳ್ಳಿಯ ಮನೆಗೆ ಬಂದ ಮೇಲೆ. ಅವನ ಹೆಂಡತಿ ಮಂಜಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ರೇಣುಕಪ್ರಸಾದ್ ಪವಿತ್ರಾಳನ್ನು ಕರೆದುಕೊಂಡು ಬಂದ. ತೋಂಟದಾರ್ಯರೂ ಒಂದು ಗೊನೆ ಎಳನೀರು ಹಿಡಿದು ಬಂದಿದ್ದರು. ಪವಿತ್ರಾ ಎರಡು ಸಲ ಓದಿದಳು.

"ಅಕ್ಕ, ಇದ್ರಲ್ಲಿ ಬರೆದಿರೋದು, ಕಾಯಿ ಕೀಳೋ ಕೆಲಸದಲ್ಲಿ ಆದ ಅಪಘಾತಕ್ಕೆ ಅಂತ."

"ಮರದಿಂದ್ಲೇ ಅಲ್ವೇನವ್ವ ಬಿದ್ದಿದ್ದು?"

"ಮರದಿಂದ್ಲೇ ಅಕ್ಕ. ಆದ್ರೆ ಮಾಡ್ತಿದ್ದ ಕೆಲಸ ಬೇರೆ."

ತೋಂಟದಾರ್ಯರು ಗಂಟಲು ಸರಿಮಾಡಿಕೊಂಡರು. "ಇದಕ್ಯಾಕೆ ತಲೆ ಕೆಡುಸ್ಕೋತೀರಿ? ತೋಟ ನಂದು, ಕಾಯಿ ನಂದು. ಕಾಯಿ ಕೀಳಾಕೆ ನಾನೇ ಹತ್ಸಿದ್ದೆ ಅಂತ ಬರ್ಕೊಡ್ತೀನಿ. ನನ್ನ ಮಾತಿಗೆ ಎದುರು ಹೇಳೋನು ಯಾವನ್ಲಾ ಅವ್ನು?"

"ಇವ್ರೇ ಹೇಳವ್ರೆ," ಎಂದಳು ಪವಿತ್ರಾ. ರೇಣುಕಪ್ರಸಾದನ ಕಡೆ ನೋಡಲಿಲ್ಲ. "ಕ್ಯಾಮೆರಾ ಅರ್ಜೀಲಿ ಎಲ್ಲಾ ಬರೆದು ಸಹಿ ಹಾಕವ್ರೆ. ವಿಡಿಯೋನೂ ಕೊಟ್ಟವ್ರೆ. ಎರಡು ವಿಮೇನೂ ಒಂದೇ ಕಂಪನೀದು. ಅದಿಲ್ದಿದ್ರೂ ಸುಳ್ಳು ಬರೆದುಕೊಡೋದು ಅಪರಾಧ ಕಣ್ರೀ. ಆಮೇಲೆ ನಿಮ್ಮನ್ನೂ ಎಳೀತಾರೆ."

ತೋಂಟದಾರ್ಯರು ಎಳನೀರಿನ ಗೊನೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೂತರು. ಅವರ ಧೈರ್ಯ ಅಷ್ಟೇ ಇತ್ತು.

ಮಂಚದ ಮೇಲಿಂದ ದುರ್ಗಯ್ಯ ಕೇಳಿದ. "ಸಾರ್, ಆ ಕ್ಯಾಮೆರಾಗೆ ವಿಮೆ ಇತ್ತಾ?"

"ಇತ್ತು ದುರ್ಗಯ್ಯ."

"ಪೂರ್ತಿ ಬಂತಾ?"

"ಬಂತು."

ದುರ್ಗಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಗೊತ್ತಿರ್ಲಿಲ್ಲ ಸಾರ್. ಗೊತ್ತಿದ್ದಿದ್ರೆ ಬುಟ್ಬುಡ್ತಿದ್ದೆ."

ರೇಣುಕಪ್ರಸಾದ್ ಎದ್ದು ಹೊರಗೆ ಹೋದ. ಹೋಗಲು ಎಲ್ಲೂ ಜಾಗವಿಲ್ಲದೆ ಜಗಲಿಯ ಮೇಲೆ ಕೂತ. ಪವಿತ್ರಾ ಅಲ್ಲಿಗೇ ಬಂದು, ಹೇಳಲೇಬೇಕಾದ್ದನ್ನು ಹೇಳಿದಳು.

"ಅಣ್ಣ, ಕೆಲಸ ಮಾಡ್ತಾ ಬಿದ್ದೋರಿಗೆ ಪರಿಹಾರ ಕೊಡೋ ಹೊಣೆ ಕೆಲಸ ಕೊಟ್ಟೋರದು. ಕೆಲಸಗಾರರ ವಿಮೆ ಇದ್ದಿದ್ರೆ ಅದನ್ನ ಕಂಪನಿ ಹೊರ್ತಿತ್ತು. ಈಗ ನೀವೇ ಹೊರ್ಬೇಕು. ದೊಡ್ಡ ಮೊತ್ತ ಆಗುತ್ತೆ."

"ಈಗ ಅವನ್ನ ಸೇರ್ಸಾಕೆ ಆಗಲ್ವೇನಮ್ಮ? ಎಷ್ಟಾದ್ರೂ ಕಟ್ತೀನಿ."

"ಆಗಿಹೋಗಿದ್ದಕ್ಕೆ ವಿಮೆ ಇಲ್ಲ ಅಣ್ಣ."

"ಹಂಗಾದ್ರೆ ಕ್ಯಾಮೆರಾ ಮಾರ್ತೀನಿ. ಸ್ಟುಡಿಯೋನೇ ಮಾರ್ತೀನಿ."

ಬಾಗಿಲಲ್ಲಿ ನಿಂತಿದ್ದ ಮಂಜಮ್ಮ ಕೇಳಿಸಿಕೊಂಡಳು. "ಮಾರ್ಬುಟ್ಟು ಒಂದ್ಸಲಿ ಕೊಟ್ಟು ಕೈ ತೊಳ್ಕೊತೀರೇನು? ಅದು ಔಷಧಿಗೇ ಮುಗಿಯುತ್ತೆ. ಆಮೇಲೆ ನೀವೂ ಬೀದೀಲಿ, ನಾವೂ ಬೀದೀಲಿ. ದುಡೀರಿ, ದುಡಿದು ತಿಂಗ್ತಿಂಗ್ಳೂ ತಂದಿಡಿ. ಎಷ್ಟು ಅಂತ ಕಾಗದದ ಮೇಲೆ ಬರ್ಕೊಡಿ. ನಿಮ್ಮ ಬಾಯಿ ಮಾತು ಕೇಳಿದ್ದು ಸಾಕು."

"ಬರ್ಕೊಡ್ತೀನಿ ಮಂಜಮ್ಮ."

"ಲೈಟ್ ಹಿಡಿಯಾಕೆ ಯಾರನ್ನ ಇಟ್ಕಂಡಿದ್ದೀರಿ ಈಗ?"

"ಯಾರೂ ಇಲ್ಲ."

"ನಾನು ಬತ್ತೀನಿ. ಇವ್ರನ್ನ ನೋಡ್ಕಳಾಕೆ ಅತ್ತೆ ಅವ್ರೆ." ಅವಳು ಪವಿತ್ರಾಳ ಕಡೆ ತಿರುಗಿದಳು. "ಅದೇನೋ ಕೆಲಸಗಾರರ ಕಾಗದ ಅಂದ್ಯಲ್ಲವ್ವ, ತೆಗಿ. ಮೊದ್ಲು ಅದ್ರಲ್ಲಿ ನನ್ನ ಹೆಸ್ರು ಬರಿ. ಏನು ಕೆಲಸ ಅನ್ನೋದನ್ನ ಬುಡಿಸಿ ಬರಿ. ಬರೆದಿದ್ದನ್ನ ಓದಿ ಹೇಳು. ಆಮೇಲೆ ಬತ್ತೀನಿ ಕೆಲಸಕ್ಕೆ."

ಪವಿತ್ರಾ ಜಗಲಿಯ ಮೇಲೇ ಕಾಗದ ಬಿಡಿಸಿ ಬರೆದಳು. ಮಂಜಮ್ಮ, ಲೈಟ್ ಸಹಾಯಕಿ. ಛತ್ರದಲ್ಲಿ, ತೋಟದಲ್ಲಿ, ರಸ್ತೆಯಲ್ಲಿ. ಏಣಿ ಹತ್ತುವುದುಂಟು. ಮರ ಹತ್ತಿಸುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಒಳಗೆ ಮಂಚದ ಮೇಲಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ. ರೇಣುಕಪ್ರಸಾದ್ ಸಹಿ ಹಾಕಿದ. ಈ ಸಲ ಅವನ ಅಕ್ಷರ ಮುದ್ದಾಗಿರಲಿಲ್ಲ.

ಫೋಟೋ, ವಿಡಿಯೋ, ಕಿರುಚಿತ್ರ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಎರಡೇ ಜನರ ಸ್ಟುಡಿಯೋ ಆಗಿದ್ದರೂ ಇದು ನಿಮಗೂ ಸೇರಿದ ಮಾತು. ಕ್ಯಾಮೆರಾಕ್ಕೆ ವಿಮೆ ಮಾಡಿಸಿ, ಅಂಗಡಿಯಿಂದ ಹೊರಗೆ ಹೋದಾಗಲೂ ಅದು ನಡೆಯುತ್ತದೆಯೇ ಎಂದು ಕೇಳಿ. ಡ್ರೋನೋ ಲೈಟಿನ ಕಂಬವೋ ಬೇರೆಯವರ ಮೇಲೆ ಬಿದ್ದರೆ ಯಾರು ಹೊಣೆ ಎಂಬುದನ್ನೂ ಕೇಳಿ. ಆದರೆ ಅದಕ್ಕೆಲ್ಲ ಮೊದಲು ನಿಮ್ಮ ಜೊತೆ ಲೈಟ್ ಹಿಡಿಯುವವರ, ವೈರ್ ಎಳೆಯುವವರ, ಗಾಡಿ ಓಡಿಸುವವರ ಹೆಸರು ಬರೆಸಿ. ದಿನಗೂಲಿಯವರಾದರೂ ಬರೆಸಿ. ಅವರು ನಿಜವಾಗಿ ಮಾಡುವ ಕೆಲಸವನ್ನೇ ಬರೆಸಿ. ಯಾವುದಕ್ಕೆ ವಿಮೆ ಬರುವುದಿಲ್ಲ ಎಂಬ ಪುಟವನ್ನು ಸಹಿಗೆ ಮುಂಚೆ ಓದಿಸಿಕೊಳ್ಳಿ. ವಿಮೆ ಇದೆ ಎಂದು ಯಾರನ್ನೂ ಮರ ಹತ್ತಿಸಬೇಡಿ. ಯಾವ ವಸ್ತುವಿಗೆ ವಿಮೆ ಇದೆ ಎಂಬುದನ್ನು ಅದನ್ನು ಕೈಯಲ್ಲಿ ಹಿಡಿಯುವವರಿಗೂ ಹೇಳಿಡಿ. ಕೈಬಿಡಬೇಕಾದ ಹೊತ್ತಿನಲ್ಲಿ ಅವರು ಕೈಬಿಡಲಿ.

ಮತ್ತೆ ನೀವು, ಲೈಟ್ ಹಿಡಿಯುವವರು, ಸಂಕೋಚ ಪಡಬೇಡಿ. ನಾಳೆ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮುಂಚೆ ಯಜಮಾನರನ್ನು ಕೇಳಿ: "ಕಾಗದದಲ್ಲಿ ನನ್ನ ಹೆಸರು ಎಲ್ಲಿದೆ, ತೋರಿಸಿ."