ಮುಂಗಡ ಥ್ಯಾಂಕ್ಸ್

ನಮ್ಮಮ್ಮನ ಮನೆಯಲ್ಲಿ ಒಂದು ಕಾನೂನಿತ್ತು. ಹುಟ್ಟುಹಬ್ಬಕ್ಕೆ ಯಾರು ಸೈಕಲ್ಲೇ ಕೊಡಲಿ, ಕೊಟ್ಟವರಿಗೆ ಥ್ಯಾಂಕ್ಸ್ ಕಾರ್ಡು ಬರೆದು ಅಂಚೆಗೆ ಹಾಕುವ ತನಕ ಅದನ್ನು ಮುಟ್ಟುವಂತಿಲ್ಲ. ನನ್ನ ತಮ್ಮ ಡ್ವೇನ್ ಆತುರಗಾರ. ಹಿಂದಿನ ದಿನವೇ ಕಾರ್ಡುಗಳನ್ನು ಬರೆದಿಡುತ್ತಿದ್ದ, ಉಡುಗೊರೆಯ ಹೆಸರಿಗೆ ಮಾತ್ರ ಜಾಗ ಬಿಟ್ಟು. ಐವತ್ತು ದಾಟಿದರೂ ಆ ಚಾಳಿ ಹೋಗಿಲ್ಲ.

ಈ ಫೆಬ್ರವರಿಯಲ್ಲಿ ಪಂಪು ತಯಾರಿಸುವ ಕಂಪನಿಯೊಂದು ಸಂದರ್ಶನಕ್ಕೆ ಕರೆದಾಗಲೂ, ಸಂದರ್ಶನ ಮಾಡಿದವರಿಗೆ ಹೊರಡುವಾಗ ಕೊಟ್ಟುಬರುವ ಥ್ಯಾಂಕ್ಸ್ ಕಾರ್ಡು ಮೊದಲೇ ಸಿದ್ಧವಾಯಿತು. "ಮಾತು ಮುಗಿದ ಮೇಲೆ ಕೈ ನಡುಗುತ್ತೆ ಕಣೇ ಗ್ಲೆಂಡಾ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತೆ" ಎಂದ.

ನಡುಗದೆ ಇನ್ನೇನು? ಹಳೆಯ ಕಾರ್ಖಾನೆ ಬಾಗಿಲು ಹಾಕಿದಾಗಿನಿಂದ ಅವನು ಮನೆಯಲ್ಲೇ ಇದ್ದಾನೆ. ಈ ತಿಂಗಳು ಮುಗಿದರೆ ಆ ಕೆಲಸದಿಂದ ಬಂದ ಆರೋಗ್ಯವಿಮೆಯೂ ಮುಗಿಯುತ್ತದೆ, ಜೊತೆಗೆ ಅವನ ಹೆಂಡತಿ ರೆನಾಟಾಳ ಕ್ಯಾನ್ಸರ್ ಔಷಧಿಯೂ ನಿಲ್ಲುತ್ತದೆ. ನಮ್ಮ ಇಡೀ ಟೊಲೀಡೊ ಊರಿನಲ್ಲಿ ಅವನ ವಯಸ್ಸಿನವನನ್ನು ಕರೆದ ಕಂಪನಿ ಇದೊಂದೇ.

ಕಾರು ಓಡಿಸಿದವಳು ನಾನು. ಕಂಪನಿಯ ಎದುರು ನಿಲ್ಲಿಸಿದೆ.

"ಟೈ ಸರಿಯಿದೆಯಾ?"

"ಇದೆ."

"ನಿಜವಾಗ್ಲೂ?"

"ಇಳಿಯೋ, ಸಾಕು! ಕೌಂಟರಿನಲ್ಲಿ ಕಾರ್ಡು ಕೊಡೋದು ಮರೀಬೇಡ."

ಒಳಗೆ ಹೋದವನು ಬರಲೇ ಇಲ್ಲ. ಹೀಟರ್ ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ಗಾಜಿನ ಮೇಲಿನ ಹಿಮ ಒರೆಸಿದೆ. ಇಷ್ಟು ಹೊತ್ತು ಮಾತಾಡುತ್ತಿದ್ದಾರೆಂದರೆ ಕೆಲಸ ಸಿಕ್ಕಂತೆಯೇ ಎಂದು ಒಮ್ಮೆ ಅನ್ನಿಸಿತು, ಒಳಗೆ ಬಿದ್ದುಗಿದ್ದನೋ ಎಂದು ಮರುಗಳಿಗೆಗೆ ಅನ್ನಿಸಿತು. ಕೊನೆಗೆ ತಡೆಯಲಾರದೆ ನಾನೇ ಒಳಗೆ ಹೋದೆ.

ಡ್ವೇನ್ ಸೋಫಾದಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಆಯ್ತಾ?"

"ಇನ್ನೂ ಕರೆದಿಲ್ಲ."

"ಯಾಕೆ ಅಂತ ಕೇಳೋದಲ್ವಾ?"

"ಕೇಳಿದ್ರೆ ಆತುರದವನು ಅಂದ್ಕೋತಾರೆ."

ನನಗೆ ಮೈಯೆಲ್ಲ ಉರಿಯಿತು. ನೇರ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಕಣ್ಣು ಅಗಲಿಸಿದಳು. "ಅವರದ್ದು ಮುಗೀತಲ್ವಾ? ನಾನು ಪಾಳಿಗೆ ಬಂದು ಕೂತ ತಕ್ಷಣ ಥ್ಯಾಂಕ್ಸ್ ಕಾರ್ಡು ಕೊಟ್ರು. ಮಾತಾಡಿ ಹೊರಟವರು ತಾನೇ ಅದನ್ನ ಕೊಡೋದು? ನಮ್ಮ ಮ್ಯಾನೇಜರ್ ಮಿಸ್ಟರ್ ಹಾಲೋರನ್ ಅವರಿಗೆ ಆಗಲೇ ತಲುಪಿಸಿದೆ. ಇವರು ಯಾರದೋ ಕಾರಿಗೆ ಕಾಯ್ತಿದ್ದಾರೆ ಅಂದ್ಕೊಂಡೆ."

ನಾನು ಡ್ವೇನ್ ಕಡೆ ತಿರುಗಿದೆ.

"ಮರೀಬೇಡ ಅಂದೆಯಲ್ಲ" ಎಂದ ಮೆಲ್ಲಗೆ. "ಮರೆತುಬಿಟ್ರೆ ಅನ್ನೋ ಭಯಕ್ಕೆ ಮೊದಲೇ ಕೊಟ್ಟೆ."

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಗುರುಗುಟ್ಟಿತು. ಓದಿದವನೇ ಬಿಳಿಚಿಕೊಂಡು ನನ್ನ ಕೈಗೆ ಕೊಟ್ಟ. 'ಪ್ರಿಯ ಡ್ವೇನ್, ಇಂದು ನಿಮ್ಮೊಂದಿಗೆ ಮಾತಾಡಿ ಬಹಳ ಸಂತೋಷವಾಯಿತು. ಆದರೆ ಈ ಸಲ ಬೇರೊಬ್ಬರನ್ನು ಆರಿಸಿದ್ದೇವೆ. ಧನ್ಯವಾದಗಳು. ಹಾಲೋರನ್.'

ಇವನ ಕಾರ್ಡಿನ ಮೊದಲ ಸಾಲೂ ಅದೇ: ಇಂದು ನಿಮ್ಮೊಂದಿಗೆ ಮಾತಾಡಿ ಬಹಳ ಸಂತೋಷವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ! ನನಗೆ ಜೋರಾಗಿ ನಗು ಬಂತು, ಜೊತೆಗೇ ಅಳುವೂ. ಆ ಗದ್ದಲಕ್ಕೆ ಒಳಗಿನ ಬಾಗಿಲು ತೆರೆದು ಒಬ್ಬ ದಪ್ಪ ಮನುಷ್ಯ ಹೊರಬಂದ. ಕೈಯಲ್ಲಿ ನಮ್ಮ ಕಾರ್ಡು.

"ಇವರೇ ಡ್ವೇನ್, ಸಾರ್" ಎಂದಳು ಹುಡುಗಿ.

"ಓ, ಡ್ವೇನ್!" ಹಾಲೋರನ್ ಹಲ್ಲು ಬಿಟ್ಟು ಕೈ ಚಾಚಿದ. "ಮತ್ತೆ ಸಿಕ್ಕಿದ್ದು ಖುಷಿಯಾಯ್ತು."

"ಮತ್ತೆ ಅಲ್ಲ ಸಾರ್" ಎಂದ ನನ್ನ ತಮ್ಮ. "ನಾವು ಸಿಕ್ಕಿದ್ದೇ ಈಗ." ಫೋನನ್ನು ಅವನ ಮುಂದೆ ಹಿಡಿದ.

ಹಾಲೋರನ್ ಫೋನು ನೋಡಿದ, ಕಾರ್ಡು ನೋಡಿದ. ಕಿವಿಯ ತನಕ ಕೆಂಪಾದ. "ಬೆಳಿಗ್ಗೆಯಿಂದ ತುಂಬ ಜನ ಬಂದಿದ್ರು... ನಿಮ್ಮ ಮುಖ ನೆನಪಾಗ್ಲಿಲ್ಲ, ಕಾರ್ಡು ನೋಡಿ ಮಾತಾಡಿರಬೇಕು ಅಂದ್ಕೊಂಡು ಬರೆದುಬಿಟ್ಟೆ."

"ಬೇರೊಬ್ಬರನ್ನ ಆರಿಸಿದ್ದೇವೆ ಅಂತಿದೆಯಲ್ಲ?" ನಾನು ಬಿಡಲಿಲ್ಲ.

"ಇನ್ನೂ ಆರಿಸಿಲ್ಲಮ್ಮ. ಅದು ಸುಮ್ನೆ ಎಲ್ಲರಿಗೂ ಬರೆಯೋ ಮಾತು. ಬನ್ನಿ ಡ್ವೇನ್, ಒಳಗೆ ಕೂತು ಮಾತಾಡೋಣ."

ಓಡಿಹೋಗುತ್ತಾನೆ ಅಂದುಕೊಂಡೆ. ಡ್ವೇನ್ ಮಾತ್ರ ನಿಂತಲ್ಲೇ ನಿಂತು ಅಂಗೈ ಚಾಚಿದ.

"ಮಾತಾಡೋಣ ಸಾರ್. ಮೊದಲು ಆ ಕಾರ್ಡು ವಾಪಸ್ ಕೊಡಿ. ಅದನ್ನ ನಿಮಗೆ ಕೊಡಬೇಕೋ ಬೇಡವೋ ಅಂತ ಹೊರಗೆ ಬರುವಾಗ ಹೇಳ್ತೀನಿ."

ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಹಾಲೋರನ್ ಕಾರ್ಡನ್ನು ಅದರಲ್ಲಿಟ್ಟ. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ನಾನು ತಮ್ಮನ ಟೋಪಿ ಹಿಡಿದು ಸೋಫಾದಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ.